ಅವ್ವ ಹೇಳಿ ಬರೆಸಿದ್ದು

ತಂತಿ ಫಾರಮ್ಮಿನ ಮೇಲೆ ಅಣ್ಣನ ನಂಬರು, ಹೆಸರು, ರೆಜಿಮೆಂಟು, ಮಿಲಿಟರಿ ಅಂಚೆಯ ಎ.ಪಿ.ಓ. ನಂಬರು ಎಲ್ಲವನ್ನೂ ದಪ್ಪ ಅಕ್ಷರಗಳಲ್ಲಿ ಬರೆದು, ಕೆಳಗೆ 'ಮದರ್' ಎಂದು ಇಂಗ್ಲಿಷಿನಲ್ಲಿ ಬರೆಯುವಷ್ಟರಲ್ಲಿ ಚಿಕ್ಕಮಾದಯ್ಯ ಮಗಳ ಮುಂಗೈ ಹಿಡಿದುಕೊಂಡ.

"ಬ್ಯಾಡ ಕಣಮ್ಮಿ. ನಿಲ್ಸು."

ಕುಮಾರಿ ತಲೆ ಎತ್ತಿದಳು. ಅಪ್ಪನ ಉಗುರಿನ ಸಂದಿನಲ್ಲಿ ಇನ್ನೂ ನಿನ್ನೆಯ ಮಣ್ಣಿತ್ತು. ನಿನ್ನೆ ಸಂಜೆ ತಮ್ಮ ಹುಟ್ಟೂರು, ಅವ್ವನ ತವರೂ ಆದ ಚಂದಕವಾಡಿಯಲ್ಲಿ ಅವ್ವನನ್ನು ಮಣ್ಣು ಮಾಡಿದ್ದರು. ಅಣ್ಣನ ವಿಳಾಸ ಗುಂಡ್ಲುಪೇಟೆಯ ಮನೆಯಲ್ಲಿದ್ದ ಕಾಗದದ ಮೇಲಿತ್ತು. ಹಾಗಾಗಿ ಬೆಳಗಿನ ಬಸ್ಸಿಗೆ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಗುಂಡ್ಲುಪೇಟೆಗೆ ಬಂದು, ಮನೆಯ ಬೀಗ ತೆಗೆದು ಕಾಗದ ಎತ್ತಿಕೊಂಡು ಒಂದು ಲೋಟ ನೀರನ್ನೂ ಕುಡಿಯದೆ ಪೋಸ್ಟಾಫೀಸಿಗೆ ನಡೆದಿದ್ದರು.

"ಆಚಿಗ್ ಬಾ," ಅಂದ ಚಿಕ್ಕಮಾದಯ್ಯ. ಹೊರಗಿನ ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. "ಆ ಕಾಗದ್ವ ಇನ್ನೊಂದ್ ಸಲಿ ಓದು."

ಹತ್ತು ದಿನದ ಹಿಂದೆ ಬಂದಿದ್ದ ಕಾಗದ. ಅವ್ವನಿಗೆ ಎರಡು ಸಲ ಓದಿ ಹೇಳಿದ್ದಾಗಿತ್ತು. ಕುಮಾರಿ ಬಿಡಿಸಿ ಓದಿದಳು.

'ಅವ್ವ, ನಾಡಿದ್ದು ನಾನು ಮತ್ತು ನನ್ನ ಜೊತೆಯ ಇಪ್ಪತ್ತೊಂದು ಜನ ಮೇಲಿನ ಪೋಸ್ಟಿಗೆ ಹೊರಡುತ್ತಿದ್ದೇವೆ. ಜಾಗದ ಹೆಸರು ಬರೆಯುವ ಹಾಗಿಲ್ಲ. ಫೆಬ್ರವರಿ ಕೊನೆಗೆ ಇಳಿಯುತ್ತೇವೆ. ಎಲ್ಲರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ನಡೆಯಬೇಕು, ಕಣದಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟುತ್ತಾರಲ್ಲ, ಹಾಗೆ. ಹಿಮದ ಅಡಿಯಲ್ಲಿ ಬಿರುಕುಗಳಿರುತ್ತವೆ, ಮೇಲೆ ಕಾಣುವುದಿಲ್ಲ. ಮುಂದೆ ಹೋಗುವವನು ಗಮನವಿಟ್ಟು ಹೆಜ್ಜೆ ಇಟ್ಟರೆ ಹಿಂದಿನವರಿಗೆ ಏನೂ ಭಯವಿಲ್ಲ. ಮುಂದೆ ಹೋಗುವವನು ನಾನೇ. ಆದ್ದರಿಂದ ನೀನು ಹೆದರಬೇಡ.'

"ಮುಂದ್ಗಡೆ ಓಗೋನು ಅವ್ನೇ," ಅಂದ ಚಿಕ್ಕಮಾದಯ್ಯ. "ಕಣ್ಣಲ್ಲಿ ನೀರ್ ತುಂಬ್ಕಂಡು ಎಜ್ಜೆ ಇಕ್ಕಿದ್ರ ಏನಾದದು? ಅವ್ನ್ ಇಂದೆ ಇಪ್ಪತ್ತೊಂದ್ ಜನ ಅವ್ರೆ."

"ಅಂಗಂತ ಅಣ್ಣಂಗೆ ಯೋಳದೇ ಇರಕಾಯ್ತದಾ ಅಪ್ಪ?"

"ಯೋಳದು ಬ್ಯಾಡ ಅಂದ್ನಾ? ಇಳ್ದು ಬರ್ಲಿ. ಆಗ ಯೋಳನ."

"ಅಲ್ಲೀಗಂಟ ಅವ್ವಂಗೆ ಕಾಗದ ಬರೀತಾನೆ. ಅವ್ವಂದು ಬರ್ನಿಲ್ಲ ಅಂದ್ರೆ?"

ಚಿಕ್ಕಮಾದಯ್ಯ ರಸ್ತೆಯ ಕಡೆ ನೋಡಿದ. ಕೇರಳದ ಲಾರಿಗಳು ಸಾಲಾಗಿ ನಿಂತಿದ್ದವು. ಇಪ್ಪತ್ತಾರು ವರ್ಷ ಅದೇ ರಸ್ತೆಯ ಮೇಲೆ ಡಾಂಬರು ಹಾಕುವ ಗ್ಯಾಂಗಿನಲ್ಲಿ ಕೆಲಸ ಮಾಡುತ್ತ ಬಂದವನು, ಈಗ ಅದನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ನೀನೇ ಬರಿ," ಅಂದ. "ಮೊದ್ಲಿಂದ್ಲೂ ಬರೀತಿದ್ದೋಳು ನೀನೇ ಅಲ್ವಾ."

ಕುಮಾರಿಯ ಕೈಯಲ್ಲಿದ್ದ ಫಾರಮ್ಮು ಎರಡಾಯಿತು, ನಾಲ್ಕಾಯಿತು. ಅದನ್ನು ಎಲ್ಲಿ ಎಸೆದಳೋ ಆಮೇಲೆ ಅವಳಿಗೆ ನೆನಪಾಗಲಿಲ್ಲ.

ಅವ್ವ ಮಲ್ಲಿಗಮ್ಮ ಚಿಕ್ಕಮಲ್ಲಪ್ಪನವರ ಮಂಡಿಯಲ್ಲಿ ಹತ್ತೊಂಬತ್ತು ವರ್ಷ ಈರುಳ್ಳಿ ಆಯ್ದವಳು. ಕೊಳೆತದ್ದು ಒಂದು ಕಡೆ, ಸಣ್ಣದು ಒಂದು ಕಡೆ, ಕೇರಳಕ್ಕೆ ಹೋಗುವ ಗುಂಡನೆಯದು ಒಂದು ಕಡೆ. ಮಗ ಶಾಂತರಾಜು ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿ, ಎನ್.ಸಿ.ಸಿ. ಸೇರಿ, ಪರೀಕ್ಷೆ ಬರೆದು, ಮದರಾಸಿನಲ್ಲಿ ತರಬೇತಿ ಮುಗಿಸಿ ಭುಜದ ಮೇಲೆ ನಕ್ಷತ್ರ ಇಟ್ಟುಕೊಂಡು ಬಂದ ದಿನ ಇಡೀ ಕೇರಿ ಬಸ್‌ಸ್ಟಾಂಡಿಗೆ ಹೋಗಿತ್ತು. ಮಾರನೆಯ ದಿನ ಮಲ್ಲಿಗಮ್ಮ ಎಂದಿನ ಹೊತ್ತಿಗೆ ಮಂಡಿಗೆ ಹೋದಳು. ಅಲ್ಲಿಂದಾಚೆ ಅವನು ಬರೆದ ಪ್ರತಿ ಕಾಗದದ ಕೊನೆಗೂ ಒಂದೇ ಮಾತು: 'ಅವ್ವ, ಮಂಡಿಗೆ ಹೋಗುವುದನ್ನು ಬಿಡು.' ಅದನ್ನು ಓದಿದಾಗಲೆಲ್ಲ ಅವಳು ನಗುತ್ತಿದ್ದಳು. "ಅಂವ ಆಪೀಸರಾದ ಅಂತ ಈರುಳ್ಳಿ ತಾನೇ ಆಯ್ಕತದಾ?"

ತೀರಿಕೊಂಡ ದಿನ ಮಧ್ಯಾಹ್ನ ಅವಳು ತಲೆಗೆ ಕೈ ಹಚ್ಚಿಕೊಂಡು ಮೂಟೆಗೆ ಒರಗಿದಳು. ಪಕ್ಕದಲ್ಲಿದ್ದ ಮಂಗಮ್ಮ, ಸುಸ್ತಾಗಿ ಒರಗಿದ್ದಾಳೆ ಅಂದುಕೊಂಡು ಅವಳ ಪಾಲಿನ ಬುಟ್ಟಿಯನ್ನೂ ತಾನೇ ಆಯ್ದಳು. ಆಮೇಲೆ ಕರೆದರೆ ಮಾತಿಲ್ಲ. ಮಂಡಿಯ ವ್ಯಾನಿನಲ್ಲಿ ಮೈಸೂರಿಗೆಂದು ಹೊರಟವರು ಬೇಗೂರು ದಾಟುವ ಮೊದಲೇ ವಾಪಸು ತಿರುಗಿದರು.

ಹಾಲುತುಪ್ಪ ಮುಗಿದ ಮೇಲೆ ಕುಮಾರಿ ಕಾಗದ ಬರೆಯಲು ಕೂತಳು.

ಅವ್ವ ಇದ್ದಾಗ ಇದು ಹದಿನೈದು ದಿನಕ್ಕೊಮ್ಮೆಯ ಕೆಲಸ. ಮಲ್ಲಿಗಮ್ಮ ಮೊರ ಹಿಡಿದುಕೊಂಡೋ ಬತ್ತಿ ಹೊಸೆಯುತ್ತಲೋ ಒಂದು ಗಂಟೆ ಮಾತಾಡುವಳು. "ಮಗ, ಉಂಡ್ಯಾ? ಅಲ್ಲಿ ಮುದ್ದ ಕೊಡಕ್ಕಿಲ್ವಂತಲ್ಲ, ರೊಟ್ಟಿ ತಿಂದ್ಕಂಡು ವಟ್ಟ ತುಂಬ್ತದಾ ನಿಂಗೆ? ಕೆಂಪಿ ಕರ ಆಕದ, ಎಣ್ಗರ. ನೀನ್ ಇದ್ದಿದ್ರ ಗಿಣ್ಣ ತಿಂತಿದ್ದ..." ಅಂಗನವಾಡಿ ಟೀಚರಾದ ಕುಮಾರಿ ಅದನ್ನೆಲ್ಲ ಕೇಳಿಸಿಕೊಂಡು, 'ನೀನು ವೇಳೆಗೆ ಸರಿಯಾಗಿ ಊಟ ಮಾಡುತ್ತಿರುವೆಯೆಂದು ನಂಬಿದ್ದೇನೆ. ನಮ್ಮ ಹಸು ಹೆಣ್ಣು ಕರುವನ್ನು ಹಾಕಿದೆ' ಎಂದು ಎರಡು ಸಾಲು ಬರೆಯುವಳು. ಓದಿ ಹೇಳು ಅಂದರೆ ಓದಿ ಹೇಳುವಳು. "ನಾನ್ ಅಷ್ಟೊತ್ತು ಒದರಿದ್ದು ಇಷ್ಟೇನಾ?" ಎಂದು ಅವ್ವ ಕೇಳಿದರೆ, "ಎಲ್ಲಾ ಅದ್ರಲ್ಲೇ ಅದ ಕಣವ್ವ" ಅನ್ನುವಳು.

ಈಗ 'ಪ್ರೀತಿಯ ಮಗ ಶಾಂತರಾಜುವಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು' ಎಂದು ಬರೆದದ್ದೇ ಪೆನ್ನು ನಿಂತಿತು. ಕಡಿಮೆ ಮಾಡಿ ಬರೆಯೋಣವೆಂದರೆ ಎದುರಿಗೆ ಮಾತಾಡುವವರೇ ಇಲ್ಲ.  ಆಮೇಲೆ ಆ ಸಾಲನ್ನು ಹೊಡೆದು ಹಾಕಿ, ಹೊಸ ಕಾಗದ ತೆಗೆದುಕೊಂಡು ಬರೆದಳು: 'ಮಗ ಶಾಂತ, ಉಂಡ್ಯಾ?'

ಅಲ್ಲಿಂದ ಕೈ ತಾನಾಗಿ ಓಡಿತು. ಅವ್ವ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು, ಯಾವುದನ್ನು ಎರಡು ಸಲ ಹೇಳುತ್ತಿದ್ದಳು, ಯಾರನ್ನು ಬೈದು ಆಮೇಲೆ 'ಪಾಪ' ಅನ್ನುತ್ತಿದ್ದಳು, ಎಲ್ಲವೂ ಕಿವಿಯಲ್ಲಿ ಇದ್ದವು. ಮಂಡಿಯ ಸುದ್ದಿ ಬರೆಯುವ ಜಾಗ ಬಂದಾಗ ಮಾತ್ರ ತಡೆದಳು. ಆಮೇಲೆ ಬರೆದಳು: 'ಮಂಡಿಗ್ ಓಗದ ಬುಟ್ಬುಟ್ಟಿ ಕಣ್ ಮಗ. ಇನ್ ನೀನು ಅದ್ನೇ ಬರೀಬ್ಯಾಡ.'

ಓದಿ ಹೇಳಿದಾಗ ಚಿಕ್ಕಮಾದಯ್ಯ ಅರ್ಧಕ್ಕೇ ಎದ್ದು ಹಿತ್ತಲಿಗೆ ಹೋದ. ಹಸುವಿಗೆ ಹುಲ್ಲು ಹಾಕುವ ಸದ್ದು ಕೇಳಿಸಲಿಲ್ಲ. ಸುಮ್ಮನೆ ನಿಂತಿದ್ದ ಅಂತ ಕಾಣುತ್ತದೆ.

ಡಿಸೆಂಬರ್ ಮಧ್ಯದಲ್ಲಿ ಅಣ್ಣನ ಉತ್ತರ ಬಂತು. ಸ್ಟಾಂಪಿಲ್ಲದ ಮಿಲಿಟರಿ ಕಾಗದವನ್ನು ಕೊಡುವಾಗ ಪೋಸ್ಟ್‌ಮ್ಯಾನ್ ಕಣ್ಣು ತಪ್ಪಿಸಿದ. ಮೇಲೆ 'ಶ್ರೀಮತಿ ಮಲ್ಲಿಗಮ್ಮನವರಿಗೆ' ಎಂದಿತ್ತು. ತಿಥಿಗೆ ಬಂದು ಉಂಡು ಹೋದವನು ಅವನು.

'ಅವ್ವ,' ಎಂದು ಶಾಂತರಾಜು ಬರೆದಿದ್ದ, 'ನಿನ್ನ ಕಾಗದವನ್ನು ಹೆಲಿಕಾಪ್ಟರ್ ತಂದು ಹಾಕಿತು. ಅದು ನೆಲಕ್ಕಿಳಿಯುವುದಿಲ್ಲ. ಮೂಟೆಗಳನ್ನು ಎಸೆದು ಹಾಗೇ ಹೋಗುತ್ತದೆ. ನಾವು ಮೊಣಕಾಲುದ್ದ ಹಿಮದಲ್ಲಿ ಓಡಿ ಎತ್ತಿಕೊಳ್ಳುತ್ತೇವೆ. ಸೀಮೆಎಣ್ಣೆ ಮೊದಲು ಸಿಕ್ಕಿದರೂ ಎಲ್ಲರೂ ಹುಡುಕುವುದು ಟಪಾಲಿನ ಚೀಲವನ್ನೇ. ಈ ಸಲ ನಿನ್ನ ಕಾಗದ ಓದಿ ನಾನು ಗಟ್ಟಿಯಾಗಿ ನಕ್ಕೆ. ಇಷ್ಟು ವರ್ಷ ಕುಮಾರಿ ಪರೀಕ್ಷೆಗೆ ಬರೆದ ಹಾಗೆ ಬರೆಯುತ್ತಿದ್ದಳು. ಈಗ ನೀನೇ ಸ್ಟೌವಿನ ಪಕ್ಕ ಕೂತು ಮಾತಾಡಿದ ಹಾಗಿದೆ. ಅವಳಿಗೆ ಹೇಳು, ಹೀಗೇ ಬರೆಯಲಿ, ಒಂದು ಮಾತನ್ನೂ ಬಿಡದಿರಲಿ. ಮಂಡಿ ಬಿಟ್ಟದ್ದು ಕೇಳಿ ನನಗೆ ಆವತ್ತು ಬಹಳ ಒಳ್ಳೆಯ ನಿದ್ದೆ ಬಂತು.'

ಮುಂದೆಲ್ಲ ಅವನ ದಿನಗಳಿದ್ದವು. ನೀರಿಗಾಗಿ ಹಿಮ ಕರಗಿಸಬೇಕು, ಒಂದು ಕೆಟಲಿಗೆ ಎರಡು ಗಂಟೆ. ಮೊಟ್ಟೆ ಕಲ್ಲಾಗಿರುತ್ತದೆ, ಸುತ್ತಿಗೆಯಿಂದ ಒಡೆಯಬೇಕು. ಗುಡಿಸಲಿನೊಳಗೆ ಹಗಲೂ ಇರುಳೂ ಸ್ಟೌವು ಉರಿಯುವುದರಿಂದ ಸೀನಿದರೆ ಮೂಗಿನಿಂದ ಕಾಡಿಗೆ ಬರುತ್ತದೆ. ಹೊರಟಾಗಿನಿಂದ ಸ್ನಾನವಿಲ್ಲ, ಗಡ್ಡ ಮುಖ ತುಂಬಿದೆ, ಕಂಡರೆ ನೀನು ಭಿಕ್ಷೆ ಹಾಕಿ ಕಳಿಸುತ್ತೀಯ. ಬೆಳಿಗ್ಗೆ ಎದ್ದರೆ ಬಾಗಿಲು ಹಿಮದಲ್ಲಿ ಹೂತಿರುತ್ತದೆ, ಸಲಿಕೆಯಿಂದ ತೋಡಿಕೊಂಡು ಹೊರಗೆ ಬರಬೇಕು. ಅಪ್ಪನ ಮಗ ಅನ್ನಿಸುವುದು ಆಗಲೇ. ಬಿಸಿಲು ಬಿದ್ದ ದಿನ ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೆಳಗಿನ ಮಂಜು ಮುಚ್ಚಿದ್ದು ನೆನಪಾಗುತ್ತದೆ. ಆದರೆ ಅಲ್ಲಿ ಹತ್ತು ಗಂಟೆಗೆ ಮಂಜು ಸರಿದು ಕಾಡು ಕಾಣುತ್ತದೆ, ಇಲ್ಲಿ ಏನೂ ಸರಿಯುವುದಿಲ್ಲ. ಪ್ರತಿ ಕಾಗದದ ತಲೆಯ ಮೇಲೂ ತಾರೀಕು, ಬರೆಯಲು ಕೂತ ಹೊತ್ತು ತಪ್ಪದೆ ಇರುತ್ತಿದ್ದವು.

ಕುಮಾರಿ ಹೀಗೇ ಬರೆದಳು. ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಅವ್ವನ ಕಾಲುನೋವು ವಾಸಿಯಾಯಿತು. ಅವ್ವ ಕಿವಿಯ ಓಲೆ ಬದಲಾಯಿಸಿದಳು. ಅವ್ವ ಕೆಂಪಿಯ ಕರುವಿಗೆ ಗೆಜ್ಜೆ ಕಟ್ಟಿದಳು. ಬರೆಯುವಾಗ ಅವಳ ಮುಖದಲ್ಲಿ ಸಣ್ಣ ನಗು ಬರುತ್ತಿತ್ತು. ಕಾಗದ ಅಂಟಿಸುವಾಗ ಅದು ಇರುತ್ತಿರಲಿಲ್ಲ.

ಒಂದು ಭಾನುವಾರ ಮಂಗಮ್ಮ ಅವರೆಕಾಯಿ ಹಿಡಿದುಕೊಂಡು ಬಂದಳು. ಚಿಕ್ಕಮಾದಯ್ಯನಿಗೆ ಮಗಳು ಅಣ್ಣನ ಕಾಗದ ಓದಿ ಹೇಳುತ್ತಿದ್ದಳು. ಮಂಗಮ್ಮ ಹೊಸಲಲ್ಲಿ ಕೂತು ಕಾಯಿ ಬಿಡಿಸುತ್ತ ಕೊನೆಯವರೆಗೂ ಕೇಳಿದಳು. ಅವಳ ಬೆರಳುಗಳು ಯಾವಾಗಲೋ ನಿಂತಿದ್ದವು.

"ಅವ್ವ ಕೇಳುಸ್ಕತಾವ್ಳೆ ಅನ್ಕಂಡು ಬರೀತಾವ್ನಲ್ಲ ಆ ಮಗ," ಅಂದಳು. "ನಿಮ್ಗೆ ಅನ್ನ ಎಂಗ್ ಇಳೀತದೋ ಕಾಣೆ."

"ಅವ್ನ್ ಜೀವ ಉಳೀಲಿ ಅಂತ ಕಣಮ್ಮಿ ಮಂಗಿ," ಅಂದ ಚಿಕ್ಕಮಾದಯ್ಯ.

"ಆವತ್ತೂ ನೀನು ಇದ್ನೇ ಅಂದಿದ್ದೆ ಬುಡು ಬಾವ," ಅಂದಳು ಮಂಗಮ್ಮ. ಚಿಕ್ಕಮಾದಯ್ಯ ತಲೆ ತಗ್ಗಿಸಿದ. ಯಾವತ್ತು ಎಂದು ಕುಮಾರಿ ಕೇಳಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಇನ್ನೊಂದು ಕಾಗದ ಬಂತು. ಅದನ್ನು ಕುಮಾರಿ ಅಂಗನವಾಡಿಯ ಬಾಗಿಲಲ್ಲಿ ನಿಂತೇ ಓದಿದಳು.

'ಅವ್ವ, ಈ ಸಲ ನಿನ್ನನ್ನು ಒಂದು ಮಾತು ಕೇಳಬೇಕು. ಇದನ್ನು ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ, ಏಕೆಂದರೆ ಇಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ನನ್ನ ಜೊತೆ ರಾಜಸ್ಥಾನದವನೊಬ್ಬ ಇದ್ದಾನೆ. ನನಗಿಂತ ಏಳೆಂಟು ವರ್ಷ ದೊಡ್ಡವನು. ಬಹಳ ಗಟ್ಟಿಗ. ಹೋದ ತಿಂಗಳು ಕೆಳಗಿನಿಂದ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು, ಅವನ ತಂದೆ ತೀರಿಕೊಂಡರು ಅಂತ. ಸೆಟ್ಟಿನ ಹತ್ತಿರ ಆಗ ನಾನೊಬ್ಬನೇ ಇದ್ದೆ. ಕೆಳಗೆ ಕಳಿಸಲು ದಾರಿಯಿಲ್ಲ, ಗಾಳಿ ಎದ್ದಿತ್ತು, ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಮರುದಿನದಿಂದ ಅವನು ಹಗ್ಗ ಕಟ್ಟಿಕೊಂಡು ಗಸ್ತಿಗೆ ಹೋಗಬೇಕಿತ್ತು. ನಾನು ಹೇಳಲಿಲ್ಲ. ಹದಿನಾಲ್ಕು ದಿನ ಹೇಳಲಿಲ್ಲ. ಆ ದಿನಗಳಲ್ಲಿ ಅವನು ಊರಿನ ಹಾಡು ಹೇಳಿ ನಮ್ಮನ್ನೆಲ್ಲ ನಗಿಸಿದ. ಅಪ್ಪನಿಗೆ ಒಂದು ಕಾಗದವನ್ನೂ ಬರೆದ. ನನ್ನ ಜೊತೆಯವರ ಕಾಗದಗಳನ್ನೆಲ್ಲ ಕಳಿಸುವ ಮೊದಲು ನಾನು ಓದಿ ಸಹಿ ಹಾಕಬೇಕು, ಅದು ನಿಯಮ. ಅದನ್ನೂ ಓದಿದೆ, ಸಹಿಯನ್ನೂ ಹಾಕಿದೆ. ಹದಿನೈದನೆಯ ದಿನ ಹೇಳಿದೆ. ಅವನು ಎದ್ದು ನಿಂತ. ಸೆಲ್ಯೂಟ್ ಹೊಡೆದು ಹೋದ. ಈಗಲೂ ಕೆಲಸ ಸರಿಯಾಗಿ ಮಾಡುತ್ತಾನೆ, ಆದರೆ ನನ್ನ ಮುಖ ನೋಡುವುದಿಲ್ಲ. ಅವ್ವ, ನಾನು ಮಾಡಿದ್ದು ಸರಿಯಾ, ತಪ್ಪಾ? ನೀನು ಏನು ಹೇಳಿದರೂ ಸರಿ, ಹೇಳು.'

ಮಕ್ಕಳು ಒಳಗೆ ಗಲಾಟೆ ಮಾಡುತ್ತಿದ್ದವು. ಕುಮಾರಿ ಕಾಗದವನ್ನು ಮಡಿಸಿದಳು, ಮತ್ತೆ ಬಿಡಿಸಿದಳು.

ಸಂಜೆ ಚಿಕ್ಕಮಾದಯ್ಯ ಅದನ್ನು ಎರಡು ಸಲ ಓದಿಸಿ ಕೇಳಿದ. ಕೊನೆಗೆ, "ಸರಿ ಅಂತ ಬರಿ," ಅಂದ. "ನೀನು ಮಾಡಿದ್ದೇ ಸರಿ ಕಣ್ ಮಗ ಅಂತ ಬರಿ. ಅವ್ನಿಗೂ ಮನ್ಸು ಅಗುರಾಯ್ತದ."

"ಅವ್ವ ಅಂಗ್ ಅಂತಿದ್ಲಾ ಅಪ್ಪ?"

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ.

ಮಂಗಮ್ಮ 'ಆವತ್ತು' ಅಂದಿದ್ದು ಕುಮಾರಿ ಏಳು ವರ್ಷದವಳಿದ್ದಾಗಿನ ಮಾತು. ಚಂದಕವಾಡಿಯಲ್ಲಿ ಅಜ್ಜಿ, ಮಲ್ಲಿಗಮ್ಮನ ತಾಯಿ, ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಸಂಜೆಯ ಬಸ್ಸಲ್ಲದೆ ಹೋಗುವ ದಾರಿಯಿರಲಿಲ್ಲ. ಬಸುರಿ ಹೆಂಗಸು, ಹೊತ್ತಿಗೆ ಮುಂಚೆ ತಿಳಿದರೆ ಅನ್ನ ನೀರು ಬಿಟ್ಟಾಳೆಂದು ಚಿಕ್ಕಮಾದಯ್ಯ ಮಂಗಮ್ಮನಿಗೆ ಮಾತ್ರ ಹೇಳಿ, ಮಂಡಿಯಲ್ಲಿ ಅವಳನ್ನು ಹಾಗೇ ಬಿಟ್ಟ. ಸಂಜೆ ಬಸ್ಸಿನ ಹೊತ್ತಿಗೆ ಹೇಳಿದ. ಮಲ್ಲಿಗಮ್ಮ ಎರಡು ತಿಂಗಳು ಗಂಡನ ಜೊತೆ ಮಾತಾಡಲಿಲ್ಲ. ಆ ಮಗು ನಿಲ್ಲಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಒಂದು ದಿನ, ಜಡೆ ಹಾಕುತ್ತ ಹಾಕುತ್ತ, ಮಗಳಿಗೆ ಹೇಳಿದ್ದಳು: "ಆ ಮದ್ಯಾನ ನಾನ್ ನಗ್ತಿದ್ದಿ ಕಣಮ್ಮಿ. ಮಂಗಿ ಏನೋ ಅಂದ್ಲು ಅಂತ ಬಿದ್ ಬಿದ್ ನಕ್ಕಿ. ನನ್ನವ್ವ ಅಲ್ಲಿ ಚಾಪ ಮ್ಯಾಲ ಮನ್ಗಿದ್ಲು, ನಾನ್ ಇಲ್ಲಿ ಅಲ್ಲು ಬುಟ್ಕಂಡು ನಗ್ತಿದ್ದಿ. ಎಲ್ಲಾರ್ಗೂ ಗೊತ್ತಿತ್ತು. ನಂಗೊಬ್ಬಳ್ಗೇ ಗೊತ್ತಿರ್ನಿಲ್ಲ."

ಎರಡು ದಿನ ಕುಮಾರಿ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗಿದಳು. ಸರಿ ಅಂತ ಬರೆದರೆ ಅದು ಅಪ್ಪನ ಮಾತು, ತನ್ನ ಮಾತು. ಇಷ್ಟು ದಿನ ಬರೆದದ್ದರಲ್ಲಿ ಸುದ್ದಿ ಸುಳ್ಳಿತ್ತು. ಮಾತು ಅವ್ವನದೇ ಇತ್ತು. ಈಗ ಮಾತನ್ನೂ ಸುಳ್ಳು ಮಾಡಲು ಅವಳಿಗೆ ಕೈ ಬರಲಿಲ್ಲ. ತಪ್ಪು ಅಂತ ಬರೆದು ಅಷ್ಟಕ್ಕೇ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಮೋಸವಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ, ಚಾಪೆಯ ಅಂಚಿನಲ್ಲಿ ಕೂತು ಬರೆದಳು.

'ಮಗ ಶಾಂತ, ನೀನ್ ಕೇಳ್ದಲ್ಲ, ಯೋಳ್ತೀನಿ. ತೆಪ್ಪು ಮಾಡ್ಬುಟ್ಟೆ ಕಣ್ಲಾ. ಅವ್ನು ಉಳೀಲಿ ಅಂತ ಮಾಡ್ದೆ, ನಂಗೊತ್ತು. ನಿಮ್ಮಪ್ಪನೂ ಅಂಗೇ ಮಾಡ್ದ. ಆದ್ರೂವೆ ಅವ್ನು ಆಡು ಯೋಳ್ದ ಅಂತ ಬರ್ದಿದ್ದೀಯಲ್ಲ, ಅದ ಅವ್ನು ಸಾಯೋಗಂಟ ಮರಿಯಕ್ಕಿಲ್ಲ. ಅವ್ನ ತಾವ್ ಓಗಿ ಕೂತ್ಕ. ಸರಿ ಮಾಡ್ದಿ ಅಂತ ಯೋಳಕ್ ಓಗಬ್ಯಾಡ. ಸುಮ್ನೆ ಕೂತ್ಕ.'

ಒಂದು ಗೆರೆ ಎಳೆದಳು.

'ಅಣ್ಣ, ಇಲ್ಲಿಂದ ಕೆಳಗೆ ನಾನು ಕುಮಾರಿ. ಅವ್ವ ನವೆಂಬರ್ ಆರನೇ ತಾರೀಕು ತೀರಿಕೊಂಡಳು. ಆಮೇಲಿನ ಕಾಗದವನ್ನೆಲ್ಲ ಬರೆದವಳು ನಾನು. ಅಪ್ಪನನ್ನು ಬೈಯಬೇಡ. ಮೇಲೆ ಬರೆದಿರುವುದು ಮಾತ್ರ ಸುಳ್ಳಲ್ಲ, ಅವ್ವ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದಳು. ನೀನು ಇಳಿಯುವಾಗ ಹುಷಾರು.'

ಕಾಗದ ತಲುಪಲು ಇಪ್ಪತ್ತು ದಿನ, ಒಮ್ಮೊಮ್ಮೆ ಒಂದೂವರೆ ತಿಂಗಳು. ಅಣ್ಣ ಇಳಿದ ಮೇಲೆ ಸಿಗುವುದೋ, ಇಳಿಯುವ ಮೊದಲೇ ಸಿಗುವುದೋ ಎಂದು ಬೆರಳು ಮಡಿಸಿ ಮಡಿಸಿ ಎಣಿಸಿದಳು. ಲೆಕ್ಕ ಎರಡೂ ಕಡೆಗೆ ಬಂತು. ಟಪಾಲು ಡಬ್ಬಿಯ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ಬಿಟ್ಟಳು.

ಸಂಜೆ ಅಪ್ಪನಿಗೆ ಹೇಳಿದಳು. ಚಿಕ್ಕಮಾದಯ್ಯ ಬೈಯಲಿಲ್ಲ. "ಮುಂದ್ಗಡೆ ಓಗೋನು ಅವ್ನೇ ಅಂತ ಗೊತ್ತಿತ್ತಲ್ವಾ ನಿಂಗೆ?" ಅಂದ, ಅಷ್ಟೇ.

ಫೆಬ್ರವರಿ ಮುಗಿಯಿತು. ಕಾಗದ ಬರಲಿಲ್ಲ. ಮಾರ್ಚಿನಲ್ಲಿ ರಸ್ತೆಯ ಬದಿಯ ಹುಣಸೆಮರಗಳನ್ನು ಬಡಿದರು, ಹಣ್ಣು ರಾಶಿ ಬಿತ್ತು, ಕಾಗದ ಬರಲಿಲ್ಲ. ಚಿಕ್ಕಮಾದಯ್ಯ ದಿನಾ ಕೆಲಸ ಮುಗಿಸಿ ಡಾಂಬರಿನ ಕಾಲಲ್ಲೇ ಪೋಸ್ಟಾಫೀಸಿಗೆ ಹೋಗಿ ಬರುತ್ತಿದ್ದ. ಬಂದವನು ಮಗಳ ಮುಖ ನೋಡುತ್ತಿರಲಿಲ್ಲ. ಕುಮಾರಿ ಎರಡು ಸಲ ಎ.ಪಿ.ಓ.ಗೆ ಬರೆದಳು, ತನ್ನ ಹೆಸರಿನಲ್ಲೇ. ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತ ಕೊಡುತ್ತ, ಬಿಳಿಯ ಬಯಲಿನಲ್ಲಿ ಒಂದು ಹಗ್ಗ, ಅದರ ತುದಿಯಲ್ಲಿ ಯಾರೂ ಇಲ್ಲದ್ದು ಕಂಡ ಹಾಗಾಗಿ ಮಾತು ನಿಲ್ಲಿಸಿಬಿಡುವಳು. "ಟೀಚರ್, ಮುಂದಕ್ಕೆ?" ಎಂದು ಮಕ್ಕಳು ಕೇಳುತ್ತಿದ್ದವು.

ಯುಗಾದಿಗೆ ಅವರ ಮನೆಯಲ್ಲಿ ಹಬ್ಬವಿರಲಿಲ್ಲ. ಅದಾದ ಮರು ಭಾನುವಾರ ಬೆಳಿಗ್ಗೆ ಕುಮಾರಿ ಬಾಗಿಲ ಮುಂದೆ ಪಾತ್ರೆ ತಿಕ್ಕುತ್ತಿದ್ದಾಗ ಕೇರಿಯ ತುದಿಯಲ್ಲಿ ಯಾರೋ, "ಶಾಂತಣ್ಣ ಬತ್ತಾವ್ನೆ!" ಅಂದರು.

ತಲೆ ಎತ್ತಿದಳು. ಅಣ್ಣನೇ. ಕೂದಲು ಸಣ್ಣಗೆ ಕತ್ತರಿಸಿತ್ತು. ಮುಖ ಸುಟ್ಟು ಕಪ್ಪಾಗಿ, ಹಿಮದ ಕನ್ನಡಕವಿದ್ದ ಕಣ್ಣ ಸುತ್ತ ಮಾತ್ರ ಬೆಳ್ಳಗಿತ್ತು. ಎಡಹೆಗಲಿಗೆ ಚೀಲ. ಬಲಗೈಯನ್ನು 'ಎಲ್' ಆಕಾರದಲ್ಲಿ ಕತ್ತಿನಿಂದ ಕಟ್ಟಿ ಇಳಿಬಿಟ್ಟಿದ್ದ. ಕೈತುಂಬ ಬಿಳಿ ಬಟ್ಟೆ ಸುತ್ತಿತ್ತು.

ಕುಮಾರಿ ಎದ್ದು ನಿಂತಳು. ಕೈಯಲ್ಲಿ ಬೂದಿ ಹಾಗೇ ಇತ್ತು. ಅವನು ಹತ್ತಿರ ಬಂದು ಒಂದು ಕ್ಷಣ ನಿಂತ, ಅವಳ ತಲೆಯ ಮೇಲೆ ಎಡಗೈ ಇಟ್ಟ, ಒಳಗೆ ಹೋದ.

ಕೇರಿಯವರು ಬಂದರು, ಹೆಂಗಸರು ಅವನ ಗದ್ದ ಮುಟ್ಟಿ ಅತ್ತರು, ಹೋದರು. ಮನೆ ಖಾಲಿಯಾದ ಮೇಲೆ ಚಿಕ್ಕಮಾದಯ್ಯ ಗೋಡೆಗೆ ಒರಗಿದ್ದವನು ಬಾಯಿ ಬಿಟ್ಟ.

"ಏನ್ಲಾ ಅದು ಕೈಗೆ?"

"ಚಳಿಗೆ ಅಪ್ಪ. ಮೂರ್ ಬೆರಳು ತೆಗ್ದವ್ರೆ. ಒಂದೂವರೆ ತಿಂಗ್ಳು ಆಸ್ಪತ್ರೇಲಿದ್ದಿ." ಆಮೇಲೆ ತಂಗಿಯ ಕಡೆ ತಿರುಗಿದ. "ಬರಿಯಕ್ ಆಗ್ನಿಲ್ಲ ಕಣಮ್ಮಿ. ಬೇರೇರ ಕೈಲಿ ಬರ್ಸಕ್ಕೆ ಮನ್ಸು ಬರ್ನಿಲ್ಲ."

ಕುಮಾರಿ ಆ ಬಿಳಿ ಬಟ್ಟೆಯನ್ನೇ ನೋಡಿದಳು.

"ನಿನ್ ಕಾಗದ ಬರಕ್ ಮುಂಚೇನೇ ಆಗಿತ್ತು ಇದು," ಅಂದ ಶಾಂತರಾಜು.

ಅವನನ್ನು ಅದನ್ನು ಯಾರೂ ಕೇಳಿರಲಿಲ್ಲ. ಕುಮಾರಿ ಮುಂದಕ್ಕೆ ಬಗ್ಗಿದಳು. "ಯಾವತ್ತು ಬಂತಣ್ಣ ಕಾಗದ?"

"ತಾರೀಕ್ ನೆಪ್ಪಿಲ್ಲ," ಅಂದ ಅವನು, ಅವಳ ಕಡೆ ನೋಡದೆ.

ಆಮೇಲೆ ತಾನೇ ಹೇಳಿದ. "ಸೆಟ್ಟಿನ್ ಪಕ್ಕ ಕೂತ್ಕಂಡು ಎರಡ್ ಸಲಿ ಓದ್ದಿ. ಯಾರ್ಗೂ ಯೋಳ್ನಿಲ್ಲ. ಆ ರಾಜಸ್ಥಾನದವ್ನು ನನ್ ಮುಖ ನೋಡ್ದ. ಏನೂ ಕೇಳ್ನಿಲ್ಲ. ಬಂದು ನನ್ ಪಕ್ಕ ಕೂತ್ಕಂಡ. ಟೀ ಕಾಯ್ಸ್ಕೊಟ್ಟ. ಇಳಿಯೋ ದಿನ ನನ್ನ ಎರಡ್ನೇ ಜಾಗಕ್ಕೆ ಕಟ್ಬುಟ್ಟು ಅವ್ನು ಮುಂದ್ಗಡೆ ನಡ್ದ. 'ಸಾಹೇಬ, ಇವತ್ತು ನಾನು' ಅಂದ."

ಚಿಕ್ಕಮಾದಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.  ಅವ್ವ ಹೋದ ದಿನವೂ ಅಪ್ಪ ಹೀಗೆ ಅತ್ತದ್ದನ್ನು ಕುಮಾರಿ ಕಂಡಿರಲಿಲ್ಲ.

"ಒಂದ್ ಕೇಳ್ತೀನಿ ಕುಮಾರಿ," ಅಂದ ಶಾಂತರಾಜು. "ಅವ್ವ ಮಂಡಿಗ್ ಓಗದ ಬುಟ್ಟಿದ್ದು ನಿಜನಾ?"

ಅವಳು ಇಲ್ಲವೆಂದು ತಲೆ ಆಡಿಸಿದಳು.

"ಜೀವ ಓಗಿದ್ದು ಅಲ್ಲೇನಾ?"

"ಅಲ್ಲೇ ಅಣ್ಣ."

ಅವನು ತಲೆದೂಗಿದ. ಬಟ್ಟೆ ಸುತ್ತಿದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬೀದಿಯಲ್ಲಿ ಒಂದು ಟೆಂಪೊ ಹಾರ್ನು ಹೊಡೆಯುತ್ತ ಹೋಯಿತು.

ಮಧ್ಯಾಹ್ನದ ಬಸ್ಸಿಗೆ ಚಂದಕವಾಡಿಗೆ ಹೊರಡುವುದೆಂದಾಯಿತು. ಕುಮಾರಿ ಬೇಗ ಬೇಗ ಮುದ್ದೆ ತಿರುವಿದಳು, ಹುರುಳಿ ಸಾರು ಬಿಸಿ ಮಾಡಿದಳು. ಅಪ್ಪನಿಗೂ ಅಣ್ಣನಿಗೂ ಎದುರುಬದುರಾಗಿ ಬಡಿಸಿ ಒಲೆಯ ಪಕ್ಕ ಕೂತಳು. ಶಾಂತರಾಜು ಎಡಗೈಯಲ್ಲಿ ಮುದ್ದೆ ಮುರಿಯಲು ನೋಡಿದ. ಅದು ಸಾರಿನಲ್ಲಿ ಜಾರಿ ತಟ್ಟೆಯ ಅಂಚಿಗೆ ಹೋಯಿತು. ಇನ್ನೊಮ್ಮೆ ನೋಡಿದ.

ಕುಮಾರಿ ಏಳುವಷ್ಟರಲ್ಲಿ ಚಿಕ್ಕಮಾದಯ್ಯ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮಗನ ಮುಂದೆ ಬಂದು ಕೂತ. ಮುದ್ದೆಯಲ್ಲಿ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಿಸಿಯಿದ್ದೀತೆಂದು ತುಟಿಯ ಹತ್ತಿರ ತಂದು ಊದಿದ. ಮತ್ತೆ ಊದಿದ. ಮೂವತ್ತು ವರ್ಷದ ಮಗ ಕಣ್ಣು ಕೆಳಗೆ ಹಾಕಿ, ಬಾಯಿ ತೆರೆದು ಕಾಯುತ್ತಿದ್ದ.